‘ಪರಿಪೂರ್ಣ ಹತ್ತು’ ಎಂಬ ಪ್ರಯೋಗ ಸರಿಯೇ?

ರುಮೇನಿಯಾದ ಜಿಮ್ನಾಸ್ಟ್ ನಾದಿಯಾ ಕೊಮನೆಚಿಯವರನ್ನು ಕುರಿತು ಒಂದು ಪರಿಚಯ ಲೇಖನ ಸಿದ್ಧಪಡಿಸುತ್ತಿದ್ದೇನೆ. ಮೂರು ಪದಗಳ ಬಳಿ ಲೇಖನಿ ನಿಂತುಬಿಟ್ಟಿದೆ. ಹೆಚ್ಚು ಕಾಡುತ್ತಿರುವುದನ್ನು ಮೊದಲು ಹೇಳುತ್ತೇನೆ.

1976ರ ಜುಲೈ 18ರಂದು ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 14 ವರ್ಷದ ಈ ಹುಡುಗಿ ಅನ್‌ಈವನ್ ಬಾರ್ಸ್ (ಒಂದು ಮೇಲೆ, ಒಂದು ಕೆಳಗೆ ಇರುವ ಎರಡು ಅಡ್ಡ ಬಾರುಗಳ ಮೇಲಿನ ಆಟ) ಪ್ರದರ್ಶನ ಮುಗಿಸಿದಾಗ ಅಂಕಫಲಕದಲ್ಲಿ ಮೂಡಿದ್ದು 1.00. ಹತ್ತು ಅಂಕ ಯಾರಿಗೂ ಬರುವುದಿಲ್ಲವೆಂದು ಫಲಕದಲ್ಲಿ ಮೂರೇ ಅಂಕೆಗಳಿಗೆ ಜಾಗವಿಟ್ಟಿದ್ದರಂತೆ. ಒಲಿಂಪಿಕ್ಸ್ ಮಹಿಳಾ ಜಿಮ್ನಾಸ್ಟಿಕ್ಸ್‌ನ ಆ ಮೊದಲ ಹತ್ತನ್ನು, ಅದೇ ಕೂಟದಲ್ಲಿ ಅವರಿಗೇ ಮತ್ತೆ ಆರು ಸಲ ದೊರೆತ ಹತ್ತನ್ನು, ನಮ್ಮ ಬರಹಗಳಲ್ಲಿ ‘ಪರಿಪೂರ್ಣ ಹತ್ತು’ ಎನ್ನುವುದುಂಟು.

ನನ್ನ ಸಂದೇಹವಿರುವುದು ಇಲ್ಲಿಯೇ. ಪೂರ್ಣ ಎಂದರೆ ತುಂಬಿದ್ದು. ಖಾಲಿ ಕೊಡಕ್ಕೆ ನೀರು ಸುರಿಯುತ್ತ ಹೋದಂತೆ ಅದು ತುಂಬುತ್ತದೆ. ಆದರೆ ಅಂದು ನಡೆದದ್ದು ಎಲ್ಲರೂ ಒಂದೇ ನಿಗದಿತ ಪ್ರದರ್ಶನವನ್ನು ನೀಡಬೇಕಾಗಿದ್ದ ಕಡ್ಡಾಯ ಸುತ್ತು. ಅಲ್ಲಿ ತೀರ್ಪುಗಾರರು ಸೊನ್ನೆಯಿಂದ ಮೇಲಕ್ಕೆ ಎಣಿಸುತ್ತಿರಲಿಲ್ಲ, ಹತ್ತರಿಂದ ಆರಂಭಿಸಿ, ಮೊಣಕಾಲು ಮಡಿದರೆ ಇಷ್ಟು, ಕಾಲುಗಳು ಅಗಲಿದರೆ ಇಷ್ಟು, ನೆಲಕ್ಕಿಳಿದಾಗ ಹೆಜ್ಜೆ ತಪ್ಪಿದರೆ ಇಷ್ಟು ಎಂದು ಕಡಿಯುತ್ತ ಬರುತ್ತಿದ್ದರು. ಕಡಿಯಲು ಏನೂ ಸಿಗದಿದ್ದಾಗ ಹತ್ತು ಹಾಗೆಯೇ ಇರುತ್ತಿತ್ತು. ಎಂದರೆ ಅದು ತುಂಬಿಬಂದ ಹತ್ತಲ್ಲ, ಉಳಿದುಕೊಂಡ ಹತ್ತು. ‘ಪರಿಪೂರ್ಣ’ ಎಂಬ ಪದ ಈ ಅರ್ಥವನ್ನು ಮುಚ್ಚಿಬಿಡುತ್ತದೆ ಎಂದು ನನಗೆ ತೋರುತ್ತದೆ.

‘ಪೂರ್ಣಾಂಕ’ವನ್ನು ಪರಿಶೀಲಿಸಿ ಕೈಬಿಟ್ಟೆ, ಗಣಿತದ ಪಠ್ಯದಲ್ಲಿ ಒಂಬತ್ತೂ ಪೂರ್ಣಾಂಕವೇ, ಮೈನಸ್ ಮೂರೂ ಪೂರ್ಣಾಂಕವೇ. ‘ನಿರ್ದೋಷ’ ಅರ್ಥಕ್ಕೆ ಹತ್ತಿರವಾಗಿದೆ, ಆದರೆ ‘ನಿರ್ದೋಷ ಹತ್ತು’ ಎಂದೊಡನೆ ಯಾರೋ ಮೊಕದ್ದಮೆಯಿಂದ ಬಿಡುಗಡೆಯಾದಂತೆ ಕೇಳಿಸುತ್ತದೆ. ಕೊನೆಗೆ ‘ಹತ್ತಕ್ಕೆ ಹತ್ತು’ ಎಂದೇ ಬರೆದಿದ್ದೇನೆ. ಶಾಲೆಯ ವಾಸನೆ ಬರುತ್ತದೆಂಬ ಆಕ್ಷೇಪ ಬರಬಹುದು. ಶಾಲೆಗೆ ಹೋಗುವ ವಯಸ್ಸಿನ ಹುಡುಗಿ ಪಡೆದ ಅಂಕಕ್ಕೆ ಅದು ದೋಷವೆಂದು ನಾನು ತಿಳಿಯುವುದಿಲ್ಲ.

ತೊಡಕಿರುವುದು ಇಂದಿನ ಆಟಕ್ಕೆ ಬಂದಾಗ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ತೀರ್ಪಿನ ವಿವಾದಗಳ ಬಳಿಕ, 2006ರಿಂದ, ಕ್ಲಿಷ್ಟತೆಗೆ ಮೇಲ್ಮಿತಿಯಿಲ್ಲದ ಒಂದು ಅಂಕವನ್ನೂ ನಿರ್ವಹಣೆಗೆ ಹತ್ತರಿಂದ ಕಡಿಯುತ್ತ ಬರುವ ಇನ್ನೊಂದು ಅಂಕವನ್ನೂ ಕೊಟ್ಟು ಕೂಡಿಸುತ್ತಾರೆ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ಅಂಕ ಹದಿನೈದನ್ನು ದಾಟಿದಾಗ ‘ಹತ್ತಕ್ಕೆ’ ಎಂಬ ಮಾತಿಗೆ ನೆಲೆಯೇ ಇರುವುದಿಲ್ಲ. ಹಳೆಯ ಪ್ರಯೋಗವನ್ನು ಹಳೆಯ ಕಾಲಕ್ಕೇ ಸೀಮಿತಗೊಳಿಸಬೇಕೇ, ಅಥವಾ ನಿರ್ವಹಣೆಯ ಅರ್ಧಕ್ಕೆ ಈಗಲೂ ಬಳಸಬಹುದೇ?

ಎರಡನೆಯದು ‘ವೃತ್ತಿಜೀವನ’. ಮಾಂಟ್ರಿಯಲ್‌ನಲ್ಲಿ ಮೂರು, 1980ರ ಮಾಸ್ಕೋದಲ್ಲಿ ಎರಡು ಚಿನ್ನವೂ ಸೇರಿ ಒಟ್ಟು ಒಂಬತ್ತು ಒಲಿಂಪಿಕ್ ಪದಕ ಗೆದ್ದು 1984ರಲ್ಲಿ ಅವರು ವಿದಾಯ ಹೇಳಿದರು. ಹವ್ಯಾಸಿಗಳಿಗೆಂದೇ ಒಲಿಂಪಿಕ್ಸ್ ಮೀಸಲಾಗಿದ್ದ ಕಾಲದ ಆಟಕ್ಕೆ ವೃತ್ತಿ ಎನ್ನುವುದು ಹೊಂದದು. ‘ಕ್ರೀಡಾಜೀವನ’ ಸಾಕು ಎಂದುಕೊಂಡಿದ್ದೇನೆ.

ಮೂರನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆಟ ಬಿಟ್ಟ ಮೇಲೂ ಆ ಆಟದಲ್ಲಿ ನಿಲ್ಲುವ ಒಬ್ಬರ ಗುರುತಿಗೆ ಈಚೆಗೆ ‘ಪರಂಪರೆ’ ಎಂದು ಬರೆಯುತ್ತಿದ್ದಾರೆ. ಪರಂಪರೆ ಒಬ್ಬರಿಂದೊಬ್ಬರಿಗೆ ಸಾಗಿ ಬರುವ ಸಾಲು. ಒಬ್ಬರೇ ಅದನ್ನು ಬಿಟ್ಟುಹೋಗುವುದು ಹೇಗೆ? ‘ಕೊಡುಗೆ’ ಎನ್ನೋಣವೆಂದರೆ ಅದರಲ್ಲಿ ಕೊಡುವ ಉದ್ದೇಶವಿದೆ. ಈ ಆಟದಲ್ಲಿಯಾದರೋ ಒಂದು ಚಲನೆಯನ್ನು ಪ್ರಮುಖ ಅಂತರರಾಷ್ಟ್ರೀಯ ಕೂಟದಲ್ಲಿ ಮೊದಲು ಮಾಡಿ ತೋರಿಸಿದವರ ಹೆಸರು ನಿಯಮಪುಸ್ತಕದಲ್ಲಿ ಸೇರಿಕೊಳ್ಳುತ್ತದೆ: ಮೇಲಿನ ಬಾರಿನಿಂದ ಕೈಬಿಟ್ಟು, ಕಾಲುಗಳನ್ನಗಲಿಸಿ ಮುಂದಕ್ಕೆ ಲಾಗ ಹಾಕಿ, ಅದೇ ಬಾರನ್ನು ಮತ್ತೆ ಹಿಡಿಯುವುದಕ್ಕೆ ‘ಕೊಮನೆಚಿ’ ಎಂದೇ ಹೆಸರು. ಇದನ್ನು ‘ಉಳಿಕೆ’ ಎನ್ನಬಹುದೇ? ಲೆಕ್ಕದ ಶೇಷವೆಂಬ ಅರ್ಥ ಅದಕ್ಕೆ ಅಂಟಿದೆ, ನಿಜ. ಮನುಷ್ಯರ ವಿಷಯದಲ್ಲಿ ಆ ಪದವನ್ನು ಬಳಸಿದ ಹಳೆಯ ಪ್ರಯೋಗಗಳನ್ನು ಬಲ್ಲವರು ದಯವಿಟ್ಟು ತೋರಿಸಿಕೊಡಬೇಕು.