ಸಂದರ್ಶನಗಳು ಒಂದರ ಹಿಂದೊಂದು ಕೈಕೊಡುತ್ತಿವೆ: ಹೊಸ ಕೋರ್ಸ್ ಸೇರಿದರೆ ಪ್ರಯೋಜನ ಇದೆಯಾ?

ಕೂಡಿಕಳೆ:

ಅಕೌಂಟ್ಸ್ ವಿಭಾಗದ ಅನುಭವ: ಬಿಲ್ ಎಂಟ್ರಿ, ಬ್ಯಾಂಕ್ ರಿಕನ್ಸಿಲಿಯೇಶನ್ (ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವುದು), ತಿಂಗಳ ಕೊನೆಯ ರಿಪೋರ್ಟ್. ಈಗ ಅರ್ಜಿ ಹಾಕುತ್ತಿರುವುದು ರಿಪೋರ್ಟಿಂಗ್ ಅನಲಿಸ್ಟ್, ಡೇಟಾ ಅನಲಿಸ್ಟ್ ಹುದ್ದೆಗಳಿಗೆ. ಕರೆ ಬರುತ್ತದೆ, ಫೋನಿನ ಸುತ್ತು ದಾಟುತ್ತದೆ. ಹೆಚ್ಚಿನವು ಟೆಕ್ನಿಕಲ್ ಸುತ್ತಿನಲ್ಲಿ ನಿಂತುಹೋಗುತ್ತವೆ. ಒಂದೆರಡು ಕೊನೆಯ ಸುತ್ತಿನವರೆಗೂ ಹೋಗಿ ಕೈತಪ್ಪಿವೆ. ಮೇಲ್‌ನಲ್ಲಿ ಬರುವ ಕಾರಣ ಎಲ್ಲ ಕಡೆಯಿಂದಲೂ ಒಂದೇ: "ಹುದ್ದೆಗೆ ಹೆಚ್ಚು ಸೂಕ್ತರಾದ ಅಭ್ಯರ್ಥಿಯನ್ನು ಆರಿಸಿದ್ದೇವೆ."

6 ತಿಂಗಳ ಪೂರ್ಣಾವಧಿ ಕೋರ್ಸ್ ಒಂದಿದೆ. ಎಕ್ಸೆಲ್, ಎಸ್‌ಕ್ಯೂಎಲ್ (ಡೇಟಾಬೇಸಿನ ಟೇಬಲ್‌ಗಳಿಂದ ಮಾಹಿತಿ ತೆಗೆಯುವ ಭಾಷೆ), ಪೈಥಾನ್, ಪವರ್ ಬಿಐ (ಚಾರ್ಟ್, ರಿಪೋರ್ಟ್ ಮಾಡುವ ಸಾಫ್ಟ್‌ವೇರ್), ಕೊನೆಗೊಂದು ಪ್ರಾಜೆಕ್ಟ್. ಸೇರಬೇಕೆಂದರೆ ಈಗಿನ ಕೆಲಸ ಬಿಡಬೇಕು.

ಕೊರತೆ ಇರುವುದು ಕಲಿಕೆಯಲ್ಲೋ, ಸಂದರ್ಶನ ಕೊಡುವ ರೀತಿಯಲ್ಲೋ, ಅಥವಾ ಬರೀ ಅದೃಷ್ಟದಲ್ಲೋ ಎಂದು ಬೇರ್ಪಡಿಸಿ ನೋಡುವ ದಾರಿ ಇದೆಯೇ? "ಧೈರ್ಯವಾಗಿರಿ, ಒಳ್ಳೆಯದಾಗುತ್ತೆ" ಎನ್ನುವ ಉತ್ತರಗಳು ದಯವಿಟ್ಟು ಬೇಡ.

ನೇಮಕಾತಿ ಮೇಜು:

ಎಲ್ಲ ಸುತ್ತುಗಳನ್ನೂ "ಸಂದರ್ಶನದಲ್ಲಿ ಫೇಲ್" ಅಂತ ಒಂದೇ ಗಂಟಿಗೆ ಕಟ್ಟಬೇಡಿ. ಪ್ರತಿ ಸುತ್ತು ಬೇರೆ ವಿಷಯ ಹೇಳುತ್ತದೆ.

ಅರ್ಜಿಗೆ ಉತ್ತರವೇ ಬರದಿದ್ದರೆ ತೊಂದರೆ ರೆಸ್ಯೂಮೆಯಲ್ಲಿ, ಇಲ್ಲವೇ ಹುದ್ದೆಯ ಆಯ್ಕೆಯಲ್ಲಿ. ಫೋನಿನ ಸುತ್ತಿನಲ್ಲಿ ನಿಂತರೆ ಸಾಮಾನ್ಯವಾಗಿ ಸಂಬಳದ ನಿರೀಕ್ಷೆ, ನೋಟಿಸ್ ಅವಧಿ, ಕೆಲಸ ಬದಲಿಸುವುದಕ್ಕೆ ಕೊಟ್ಟ ಕಾರಣ, ಈ ಮೂರರಲ್ಲೊಂದು. ಟೆಕ್ನಿಕಲ್ ಸುತ್ತಿನಲ್ಲಿ ನಿಂತಾಗ ಮಾತ್ರ ತರಬೇತಿಯ ಪ್ರಶ್ನೆ ಬರುವುದು. ಕೊನೆಯ ಸುತ್ತಿಗೆ ಹೋದವರ ವಿಷಯದಲ್ಲಿ "ಇವರಿಗೆ ಕೆಲಸ ಬರುತ್ತದೆ" ಎಂದು ಒಳಗಿನವರು ಆಗಲೇ ಒಪ್ಪಿರುತ್ತಾರೆ. ಅಲ್ಲಿ ಕೈತಪ್ಪಿದ್ದಕ್ಕೆ ಕೋರ್ಸ್ ಸೇರುವುದು ತಲೆನೋವಿಗೆ ಕಾಲಿಗೆ ಮುಲಾಮು ಹಚ್ಚಿದ ಹಾಗೆ.

ಇನ್ನು ಅದೃಷ್ಟದ ಮಾತು. ಕೊನೆಯ ಸುತ್ತಿಗೆ 4 ಜನರನ್ನು ಕರೆದು ಒಬ್ಬರನ್ನು ತೆಗೆದುಕೊಳ್ಳುತ್ತಾರೆ, ನಾಲ್ವರೂ ಸಮಾನರು ಎಂದಿಟ್ಟುಕೊಳ್ಳಿ. ಒಂದು ಕಡೆ ಕೈತಪ್ಪುವ ಸಾಧ್ಯತೆ 0.75. ಸತತ ಎರಡು ಕಡೆ ತಪ್ಪುವುದು ಶೇ. 56, ಐದು ಕಡೆ ತಪ್ಪುವುದು ಸುಮಾರು ಶೇ. 24. ಅಂದರೆ ಯಾವ ಕೊರತೆಯೂ ಇಲ್ಲದವರು ಕೂಡ ನಾಲ್ವರಲ್ಲಿ ಒಬ್ಬರು ಸತತ ಐದು ಕಡೆ ಸೋಲುತ್ತಾರೆ. ಹತ್ತು ಕಡೆ ತಪ್ಪಿದರೆ ಅದು ಶೇ. 5.6ಕ್ಕೆ ಇಳಿಯುತ್ತದೆ, ಆಗ ಏನೋ ಇದೆ ಎಂದು ಹುಡುಕಬಹುದು. ನಿಮ್ಮ ಒಂದೆರಡು ಕೊನೆಯ ಸುತ್ತುಗಳಿಂದ ಏನನ್ನೂ ತೀರ್ಮಾನಿಸಲು ಬರುವುದಿಲ್ಲ. ಟೆಕ್ನಿಕಲ್ ಸುತ್ತಿನ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಜನರಾದರೂ ಪಾಸಾಗುವ ಕಡೆಗಳಲ್ಲೂ ನೀವು ಸಾಲಾಗಿ ಐದು ಸಲ ನಿಂತರೆ ಅದರ ಸಾಧ್ಯತೆ ಶೇ. 3 ಅಷ್ಟೇ, ಅದನ್ನು ಅದೃಷ್ಟದ ಮೇಲೆ ಹಾಕಲಾಗದು.

ಸಂದರ್ಶನ ಯಾವ ಬಗೆಯದು ಎನ್ನುವುದನ್ನೂ ಗಮನಿಸಿ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ, ಪ್ರತಿ ಉತ್ತರಕ್ಕೂ ಅಂಕ ಬರೆದುಕೊಳ್ಳುವ ಸಂದರ್ಶನಕ್ಕೂ, "ನಿಮ್ಮ ಬಗ್ಗೆ ಹೇಳಿ" ಎಂದು ಶುರುವಾಗಿ ಎಲ್ಲೆಲ್ಲೋ ಹೋಗುವ ಮಾತುಕತೆಗೂ ಬಹಳ ವ್ಯತ್ಯಾಸ. ಮನೋವಿಜ್ಞಾನಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿಯ ಹಳೆಯ ಅಧ್ಯಯನಗಳ ಮೇಲೆ 2022ರಲ್ಲಿ ಮಾಡಿದ ಮರುಲೆಕ್ಕದಲ್ಲಿ, ಮುಂದೆ ಕೆಲಸ ಹೇಗೆ ಮಾಡುತ್ತಾರೆ ಎಂಬುದರ ಜೊತೆ ಮೊದಲನೆಯದಕ್ಕಿದ್ದ ಸಂಬಂಧ 0.42, ಎರಡನೆಯದಕ್ಕೆ 0.19 (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಸಂಬಂಧ). ಹರಟೆಯಂಥ ಸಂದರ್ಶನದಲ್ಲಿ ಸೋತರೆ ನಿಮ್ಮ ಕೌಶಲದ ಬಗ್ಗೆ ಅದು ಹೇಳುವುದು ಅತ್ಯಲ್ಪ. ಕೈಗೆ ಡೇಟಾ ಕೊಟ್ಟು ಮಾಡಿಸಿ ನೋಡಿದ ಕಡೆ ಸೋತಿದ್ದರೆ ಅದಕ್ಕೆ ಬೆಲೆ ಕೊಡಿ.

ಸಾಲು ಕಾಲಂ:

ಮೇಲಿನವರು ಹೇಳಿದ್ದು ಸರಿ. ಟೆಕ್ನಿಕಲ್ ಸುತ್ತಿನೊಳಗೆ ಇನ್ನೂ ಒಂದು ಹೆಜ್ಜೆ ಹೋಗಬೇಕು.

ಸಂದರ್ಶನ ಮುಗಿದ ಒಂದು ಗಂಟೆಯೊಳಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಅದೇ ಮಾತಿನಲ್ಲಿ ಬರೆದಿಡಿ. ಮರುದಿನ ಬರೆದರೆ ಕಷ್ಟವಾದ ಎರಡು ಪ್ರಶ್ನೆ ಮಾತ್ರ ನೆನಪಿರುತ್ತವೆ, ಎಲ್ಲ ಹಾಳಾಯಿತು ಅನ್ನಿಸುತ್ತದೆ. ಪ್ರತಿ ಪ್ರಶ್ನೆಗೂ ಅಂಕ ಹಾಕಿ: ಗೊತ್ತೇ ಇರಲಿಲ್ಲ 0, ಗೊತ್ತಿತ್ತು ಆದರೆ ಹೇಳಲಾಗಲಿಲ್ಲ 1, ಸರಿಯಾಗಿ ಹೇಳಿದೆ 2. ಎರಡು ದಿನ ಬಿಟ್ಟು, 0 ಮತ್ತು 1 ಬಂದ ಪ್ರಶ್ನೆಗಳನ್ನು ಪುಸ್ತಕ, ಗೂಗಲ್ ಯಾವುದೂ ಇಲ್ಲದೆ, ಸಮಯದ ಮಿತಿಯೂ ಇಲ್ಲದೆ ಕೂತು ಬಿಡಿಸಿ. ಬಂತು ಅಂದರೆ ನಿಮಗೆ ಬೇಕಿರುವುದು ಬಾಯಿಬಿಟ್ಟು ಹೇಳುವ ಅಭ್ಯಾಸ. ಬರಲಿಲ್ಲ ಅಂದರೆ ವಿಷಯವೇ ಗೊತ್ತಿಲ್ಲ. ಇಷ್ಟು ಮಾಡದೆ ಕೋರ್ಸಿಗೆ ದುಡ್ಡು ಕಟ್ಟಬೇಡಿ.

ಒಂದು ಮಾದರಿ ಕೊಡುತ್ತೇನೆ. ಅನಲಿಸ್ಟ್ ಸಂದರ್ಶನದಲ್ಲಿ ತೀರಾ ಸಾಮಾನ್ಯ ಪ್ರಶ್ನೆ ಇದು: ಗ್ರಾಹಕರ ಟೇಬಲ್ ಒಂದು, ಆರ್ಡರ್ ಟೇಬಲ್ ಒಂದು. ಕಳೆದ ತಿಂಗಳು ಪ್ರತಿ ಗ್ರಾಹಕ ಎಷ್ಟು ಆರ್ಡರ್ ಮಾಡಿದ್ದಾರೆ ತೋರಿಸಿ, ಒಂದೂ ಮಾಡದವರು 0 ಎಂದು ಬರಬೇಕು.

ಲೆಫ್ಟ್ ಜಾಯಿನ್ (ಎರಡು ಟೇಬಲ್ ಜೋಡಿಸುವಾಗ ಮೊದಲನೆಯದರ ಎಲ್ಲ ಸಾಲುಗಳನ್ನೂ ಉಳಿಸಿಕೊಳ್ಳುವುದು) ಎಂದು ಎಲ್ಲರೂ ಹೇಳುತ್ತಾರೆ. ಬೀಳುವುದು ಅದರ ಮುಂದೆ. ತಿಂಗಳಿನ ಷರತ್ತನ್ನು ವೇರ್‌ನಲ್ಲಿ (ಜೋಡಿಸಿದ ಮೇಲೆ ಸಾಲುಗಳನ್ನು ಸೋಸುವ ಭಾಗ) ಹಾಕಿದರೆ ಆರ್ಡರ್ ಇಲ್ಲದವರ ಸಾಲಿನಲ್ಲಿ ದಿನಾಂಕ ನಲ್, ಅಂದರೆ ಖಾಲಿ, ಆಗಿರುತ್ತದೆ, ಷರತ್ತಿಗೆ ಹೊಂದುವುದಿಲ್ಲ, ಆ ಸಾಲು ಉದುರಿಹೋಗುತ್ತದೆ. ಹೆಸರಿಗೆ ಲೆಫ್ಟ್ ಜಾಯಿನ್, ಫಲಿತಾಂಶ ಇನ್ನರ್ ಜಾಯಿನ್‌ದು, ಎರಡೂ ಕಡೆ ಹೊಂದಿದ ಸಾಲು ಮಾತ್ರ ಉಳಿಯುತ್ತದೆ. ಷರತ್ತು ಇರಬೇಕಾದ್ದು ಆನ್‌ನಲ್ಲಿ, ಅಂದರೆ ಟೇಬಲ್‌ಗಳನ್ನು ಹೇಗೆ ಜೋಡಿಸಬೇಕು ಎಂದು ಬರೆಯುವ ಭಾಗದಲ್ಲಿ. ಇದನ್ನು ದಾಟಿದವರು ಮುಂದೆ ಎಣಿಕೆಯಲ್ಲಿ ಎಡವುತ್ತಾರೆ. ಕೌಂಟ್ ಒಳಗೆ ನಕ್ಷತ್ರ ಹಾಕಿದರೆ ಸಾಲುಗಳನ್ನು ಎಣಿಸುತ್ತದೆ, ಆರ್ಡರ್ ಮಾಡದ ಗ್ರಾಹಕನಿಗೂ ಒಂದು ಸಾಲು ಇರುವುದರಿಂದ 1 ಬರುತ್ತದೆ. ಆರ್ಡರ್ ಸಂಖ್ಯೆಯ ಕಾಲಂ ಕೊಟ್ಟರೆ ನಲ್ ಬಿಟ್ಟು ಎಣಿಸಿ 0 ಕೊಡುತ್ತದೆ. ಆಮೇಲೆ ಸಂದರ್ಶಕರು ಮೂರನೇ ಟೇಬಲ್ ತರುತ್ತಾರೆ, ಪಾವತಿಯದ್ದು. ಒಂದು ಆರ್ಡರಿಗೆ ಎರಡು ಕಂತಿನಲ್ಲಿ ಹಣ ಬಂದಿದ್ದರೆ ಜಾಯಿನ್ ಮಾಡಿದ ಕೂಡಲೇ ಆ ಆರ್ಡರಿನ ಸಾಲು ಎರಡಾಗುತ್ತದೆ, ಮೊತ್ತ ಕೂಡಿದರೆ ದುಪ್ಪಟ್ಟು. ಪಾವತಿಗಳನ್ನು ಮೊದಲು ಆರ್ಡರ್‌ವಾರು ಕೂಡಿಸಿಕೊಂಡು ಆಮೇಲೆ ಜೋಡಿಸಬೇಕು.

ಇಲ್ಲಿ ನಿಮಗೊಂದು ಅನುಕೂಲವಿದೆ, ಅದನ್ನು ನೀವು ಬಳಸುತ್ತಿಲ್ಲ ಎಂಬುದು ನನ್ನ ಊಹೆ. "ನಿಮ್ಮ ಉತ್ತರ ಸರಿ ಎಂದು ಹೇಗೆ ಖಾತ್ರಿ ಮಾಡುತ್ತೀರಿ?" ಎಂದು ಕೇಳಿದಾಗ ಬಹಳ ಜನ ಸುಮ್ಮನಾಗುತ್ತಾರೆ. ರಿಕನ್ಸಿಲಿಯೇಶನ್ ಮಾಡಿದವರಿಗೆ ಇದು ದಿನದ ಕೆಲಸ. ಜಾಯಿನ್‌ಗೆ ಮೊದಲಿನ ಒಟ್ಟು ಮೊತ್ತ, ಜಾಯಿನ್ ನಂತರದ ಒಟ್ಟು ಮೊತ್ತ ತಾಳೆ ನೋಡುತ್ತೇನೆ, ಸಾಲುಗಳ ಸಂಖ್ಯೆ ಹೆಚ್ಚಾಯಿತೇ ನೋಡುತ್ತೇನೆ ಎಂದು ಎರಡು ವಾಕ್ಯ ಹೇಳಿದರೂ ಸಾಕು.

ಈ ಮೂರು ಗುಂಡಿಗಳಲ್ಲಿ ನೀವು ಬೀಳುತ್ತಿದ್ದರೆ ಅದಕ್ಕೆ 6 ತಿಂಗಳು ಬೇಕಿಲ್ಲ. ವಾರಕ್ಕೆ 8 ಗಂಟೆಯಂತೆ 4 ವಾರ, ಒಟ್ಟು 32 ಗಂಟೆ. ಜಾಯಿನ್‌ಗೆ 10, ಗ್ರೂಪ್ ಬೈ ಮತ್ತು ಹ್ಯಾವಿಂಗ್‌ಗೆ (ಸಾಲುಗಳನ್ನು ಗುಂಪು ಮಾಡುವುದು, ಗುಂಪುಗಳನ್ನು ಸೋಸುವುದು) 6, ವಿಂಡೋ ಫಂಕ್ಷನ್‌ಗೆ (ಸಾಲುಗಳನ್ನು ಉಳಿಸಿಕೊಂಡೇ ಗುಂಪಿನ ಲೆಕ್ಕ ಹಾಕುವುದು) 8. ಉಳಿದ 8 ಗಂಟೆ ಗಡಿಯಾರ ಇಟ್ಟುಕೊಂಡು, ಯೋಚಿಸುತ್ತಿರುವುದನ್ನು ಜೋರಾಗಿ ಹೇಳುತ್ತಾ ಬಿಡಿಸುವುದಕ್ಕೆ. ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಪೆಟ್ಟು ಬೀಳುವುದೂ ಅಲ್ಲೇ. ಆಮೇಲೆ ಮೂರ್ನಾಲ್ಕು ಟೆಕ್ನಿಕಲ್ ಸುತ್ತು ಕೊಟ್ಟು ಅಂಕ ನೋಡಿ. ಎಸ್‌ಕ್ಯೂಎಲ್ ಪ್ರಶ್ನೆಗಳು 0ಯಿಂದ 2ಕ್ಕೆ ಏರಿದ್ದರೆ ತರಬೇತಿ ನಿಮಗೆ ಕೆಲಸ ಮಾಡುತ್ತಿದೆ ಎಂದರ್ಥ. ಅಂಕ ಏರಿಯೂ ಫಲಿತಾಂಶ ಅದೇ ಆದರೆ ತೊಂದರೆ ಬೇರೆ ಕಡೆ ಇದೆ, ದೊಡ್ಡ ಕೋರ್ಸೂ ಅದನ್ನು ಮುಟ್ಟುವುದಿಲ್ಲ.

ಬಡ್ಡಿ ಅಸಲು:

ಲೆಕ್ಕದವರಿಗೆ ಲೆಕ್ಕದಲ್ಲೇ ಹೇಳುತ್ತೇನೆ. ಎಲ್ಲವನ್ನೂ ಈಗಿನ ತಿಂಗಳ ಸಂಬಳದ ಅಳತೆಯಲ್ಲಿ ಬರೆಯಿರಿ. ಫೀಸು 2 ತಿಂಗಳ ಸಂಬಳದಷ್ಟು ಎಂದಿಟ್ಟುಕೊಳ್ಳಿ, ಕೋರ್ಸ್ ನಡೆಯುವಾಗ ಹೋಗುವುದು 6. ಒಟ್ಟು 8. ಹೊಸ ಕೆಲಸದಲ್ಲಿ ಶೇ. 20 ಹೆಚ್ಚು ಸಿಕ್ಕರೂ ತಿಂಗಳಿಗೆ ಲಾಭ 0.2, ಹಾಕಿದ್ದು ವಾಪಸ್ ಬರಲು 40 ತಿಂಗಳು. ಕೋರ್ಸ್ ಮುಗಿದ ಮೇಲೆ ಕೆಲಸ ಸಿಗಲು ಇನ್ನೂ 4 ತಿಂಗಳು ಹಿಡಿದರೆ 12 ಭಾಗಿಸು 0.2, ಅಂದರೆ 60 ತಿಂಗಳು. ಜಾಹೀರಾತಿನಲ್ಲಿ ಫೀಸು ಮಾತ್ರ ಕಾಣುತ್ತದೆ, ಇದರಲ್ಲಿ ಅದು ತೀರಾ ಸಣ್ಣ ಬಾಬ್ತು.

ಕೆಲಸ ಬಿಡುವುದಕ್ಕೆ ಇನ್ನೊಂದು ಬೆಲೆಯೂ ಇದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಕಾಲ್ಪನಿಕ ರೆಸ್ಯೂಮೆಗಳನ್ನು ಕಳಿಸಿ ನೋಡಿದ್ದರು. ನಿರುದ್ಯೋಗದ ಅವಧಿ ಉದ್ದವಾದಷ್ಟೂ ಕರೆ ಬರುವುದು ಕಡಿಮೆ, ಅದರಲ್ಲೂ ಇಳಿತದ ಬಹುಪಾಲು ಮೊದಲ 8 ತಿಂಗಳಲ್ಲೇ. ನಿಮಗೆ ಈಗ ಸಲೀಸಾಗಿ ಬರುತ್ತಿರುವುದೇ ಕರೆ.

ಆದರೂ "ಸಣ್ಣದಾಗಿ ಕಲಿತರೆ ಸಾಕು" ಎನ್ನುವುದನ್ನು ಎಲ್ಲರಿಗೂ ಅನ್ವಯಿಸಲು ನಾನು ಒಪ್ಪುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್, ಯೋಖೆನ್ ಕ್ಲೂವ್, ಆಂಡ್ರಿಯಾ ವೆಬರ್ 2018ರಲ್ಲಿ, ಕೆಲಸ ಹುಡುಕುವವರಿಗೆ ನಡೆಸುವ ತರಬೇತಿಯಂಥ ಕಾರ್ಯಕ್ರಮಗಳ ಬಗೆಗಿನ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ತರಬೇತಿಯ ಫಲ ಮೊದಲ ವರ್ಷದಲ್ಲಿ ಅಷ್ಟಕ್ಕಷ್ಟೇ, ಕಾರ್ಯಕ್ರಮ ಮುಗಿದ ಎರಡು ಮೂರು ವರ್ಷದಲ್ಲಿ ಹೆಚ್ಚು ಕಾಣುತ್ತದೆ ಎಂದು ಅಲ್ಲಿ ಕಂಡಿತು. ತರಬೇತಿಯಲ್ಲಿರುವಾಗ ಜನ ಕೆಲಸ ಹುಡುಕುವುದನ್ನು ಕಡಿಮೆ ಮಾಡುತ್ತಾರೆ ಎನ್ನುವುದೂ ಶುರುವಿನಲ್ಲಿ ಫಲ ಕಾಣದಿರಲು ಒಂದು ಕಾರಣ. ಹಾಗಾಗಿ ನಿಮಗೆ ಬೇಕಿರುವುದು ಮುಂದಿನ ಮೂರು ತಿಂಗಳಲ್ಲಿ ಕೆಲಸವೋ, ಮೂರು ವರ್ಷದಲ್ಲಿ ಬೇರೆ ವೃತ್ತಿಯೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಉದ್ದದ ಕೋರ್ಸ್ ನಿಜಕ್ಕೂ ಬೇಕೇ ಎಂದು ನೋಡಲು ಒಂದೇ ಹೆಸರಿನ ಹುದ್ದೆಯ 25 ಜಾಹೀರಾತು ಸಂಗ್ರಹಿಸಿ. ಕಡ್ಡಾಯ ಎಂದು ಬರೆದದ್ದನ್ನೂ, ಇದ್ದರೆ ಒಳ್ಳೆಯದು ಎಂದದ್ದನ್ನೂ ಬೇರೆ ಕಾಲಂನಲ್ಲಿ ಹಾಕಿ. 13ಕ್ಕಿಂತ ಹೆಚ್ಚು ಜಾಹೀರಾತಿನಲ್ಲಿ ಕಡ್ಡಾಯ ಇದ್ದು ನಿಮ್ಮಲ್ಲಿಲ್ಲದ್ದು ಒಂದೇ ಆದರೆ ಸಂಜೆ ಹೊತ್ತಿನ ಕಲಿಕೆ ಸಾಕು. ಮೂರು ನಾಲ್ಕು ಇದ್ದರೆ ಉದ್ದದ ಕೋರ್ಸಿಗೆ ಅರ್ಥವಿದೆ. ನರ್ಸಿಂಗ್, ಭಾರೀ ವಾಹನ ಚಾಲನೆಯಂತೆ ಪರವಾನಗಿ ಇಲ್ಲದೆ ಮುಟ್ಟಲೇಬಾರದ ಕೆಲಸಗಳಿಗೆ ಈ ಎಣಿಕೆಯೇ ಬೇಡ, ತರಬೇತಿ ಬೇಕೇ ಬೇಕು.

ಕೂಡಿಕಳೆ:

ಎಲ್ಲರಿಗೂ ಧನ್ಯವಾದ. ಆ ಮೂರು ಗುಂಡಿಗಳಲ್ಲಿ ಕೊನೆಯ ಎರಡು ನನ್ನವೇ. ಎರಡು ಪ್ರಶ್ನೆ ಉಳಿದಿವೆ. ಅಭಿಪ್ರಾಯ ಕೇಳಿ ಮೇಲ್ ಹಾಕಿದರೆ ಉತ್ತರ ಬರುವುದಿಲ್ಲ, ಕೇಳುವ ರೀತಿ ಬೇರೆ ಇದೆಯೇ? ಕೋರ್ಸಿನವರು "ಶೇ. 90 ಪ್ಲೇಸ್‌ಮೆಂಟ್" ಎನ್ನುತ್ತಾರೆ, ಅದನ್ನು ಹೇಗೆ ಓದಬೇಕು?

ನೇಮಕಾತಿ ಮೇಜು:

"ನಾನು ಯಾಕೆ ಆಯ್ಕೆಯಾಗಲಿಲ್ಲ?" ಎಂದು ಕೇಳಿದರೆ ಉತ್ತರ ಬರದು. ಬರೆದುಕೊಟ್ಟ ಕಾರಣ ನಾಳೆ ತಕರಾರಿಗೆ ದಾಖಲೆಯಾದೀತು ಎಂಬ ಭಯಕ್ಕೆ ಎಚ್‌ಆರ್‌ನವರು ಸಿದ್ಧ ವಾಕ್ಯ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ತೀರ್ಮಾನವನ್ನು ಪ್ರಶ್ನಿಸದ, ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇಡಿ: "ಇದೇ ಬಗೆಯ ಹುದ್ದೆಗೆ ಮುಂದೆ ಅರ್ಜಿ ಹಾಕುವ ಮೊದಲು ನಾನು ಒಂದೇ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕೆಂದರೆ ಯಾವುದನ್ನು ಹೇಳುತ್ತೀರಿ?" ಇದನ್ನು ಎಚ್‌ಆರ್‌ಗೆ ಅಲ್ಲ, ಟೆಕ್ನಿಕಲ್ ಸುತ್ತು ತೆಗೆದುಕೊಂಡವರಿಗೆ, ಫಲಿತಾಂಶ ಬಂದ ಎರಡು ಮೂರು ದಿನದೊಳಗೆ ಕಳಿಸಿ. ತಡವಾದರೆ ಅವರಿಗೆ ನಿಮ್ಮ ಮುಖವೇ ಮರೆತಿರುತ್ತದೆ. ಇನ್ನೂ ಒಳ್ಳೆಯದು, ಸಂದರ್ಶನದ ಕೊನೆಗೆ "ನಿಮಗೇನಾದರೂ ಕೇಳುವುದಿದೆಯೇ" ಎಂದಾಗ ಅಲ್ಲೇ ಕೇಳಿ: "ಈ ಕೆಲಸಕ್ಕೆ ನನ್ನ ಹಿನ್ನೆಲೆಯಲ್ಲಿ ನಿಮಗೆ ಅನುಮಾನ ಇರುವ ಭಾಗ ಯಾವುದು?" ಉತ್ತರ ಸಿಕ್ಕರೆ ಅಲ್ಲೇ ಒಂದು ನಿಮಿಷ ವಿವರಣೆ ಕೊಡುವ ಅವಕಾಶವೂ ಇರುತ್ತದೆ.

ಬಂದ ಉತ್ತರ ಒಂದನ್ನೇ ನಂಬಿ ಓಡಬೇಡಿ. ಮೂರು ಕಡೆ ಒಂದೇ ವಿಷಯ ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ.

ಬಡ್ಡಿ ಅಸಲು:

ಶೇ. 90ರ ಕೆಳಗಿನ ಸಂಖ್ಯೆ, ಅಂದರೆ ಛೇದ, ಏನು ಎಂದು ಕೇಳಿ. ಸೇರಿದವರಲ್ಲಿ 90 ಅಲ್ಲ, ಬಹುಮಟ್ಟಿಗೆ "ಕೋರ್ಸ್ ಮುಗಿಸಿ, ಪ್ಲೇಸ್‌ಮೆಂಟಿಗೆ ಅರ್ಹರಾದವರಲ್ಲಿ" ಇರುತ್ತದೆ. 100 ಜನ ಸೇರಿ, 60 ಜನ ಮುಗಿಸಿ, 40 ಜನ ಅರ್ಹರಾಗಿ, 36 ಜನಕ್ಕೆ ಕೆಲಸ ಸಿಕ್ಕರೂ ಅದು ಶೇ. 90. ಸೇರಿದವರ ಲೆಕ್ಕದಲ್ಲಿ ಶೇ. 36. ಆ 36ರಲ್ಲಿ ಅನಲಿಸ್ಟ್ ಹುದ್ದೆಗೇ ಹೋದವರು ಎಷ್ಟು, 6 ತಿಂಗಳೊಳಗೆ ಎಷ್ಟು, ಮೊದಲೇ ಕೆಲಸದಲ್ಲಿದ್ದು ಅದೇ ಕಂಪನಿಯಲ್ಲಿ ಮುಂದುವರಿದವರನ್ನೂ ಸೇರಿಸಿದ್ದಾರೆಯೇ, ಇವನ್ನೂ ಕೇಳಿ. ಬರೆದುಕೊಡಲು ಹಿಂಜರಿದರೆ ಆ ಸಂಖ್ಯೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಸಾಲು ಕಾಲಂ:

ಒಂದು ಸೇರಿಸುತ್ತೇನೆ. ಕೋರ್ಸಿನ ಸಿಲಬಸ್ ತರಿಸಿಕೊಂಡು, ನಿಮ್ಮ ಪಟ್ಟಿಯಲ್ಲಿ 0 ಬಂದ ಪ್ರಶ್ನೆಗಳನ್ನು ಅದರ ಪಕ್ಕದಲ್ಲಿಟ್ಟು, ಯಾವ ಪಾಠದಲ್ಲಿ ಯಾವುದು ಬರುತ್ತದೆ ಎಂದು ಗುರುತು ಹಾಕಿ. ಆರು ತಿಂಗಳಲ್ಲಿ ನಿಮಗೆ ಬೇಕಾದದ್ದು ಮೂರು ವಾರದ ಪಾಠ ಮಾತ್ರ ಎಂದು ಗೊತ್ತಾಗುವುದು ಅಪರೂಪವಲ್ಲ. ಡೆಮೊ ಕ್ಲಾಸಿಗೆ ಕರೆದರೆ ಮೊದಲ ದಿನದ ತರಗತಿ ಬೇಡ ಎನ್ನಿ, ಅದನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಈಗ ನಡೆಯುತ್ತಿರುವ ಬ್ಯಾಚಿನ ಮೂರನೇ ತಿಂಗಳ ಎಸ್‌ಕ್ಯೂಎಲ್ ತರಗತಿಯಲ್ಲಿ ಒಂದು ದಿನ ಕೂರಲು ಬಿಡಿ ಎಂದು ಕೇಳಿ. ಕೂತಾಗ ನೋಡಬೇಕಾದ್ದು ಪಾಠ ಮಾಡುವವರನ್ನಲ್ಲ, ಕಲಿಯುತ್ತಿರುವವರು ತಾವಾಗಿಯೇ ಕ್ವೆರಿ (ಎಸ್‌ಕ್ಯೂಎಲ್‌ನಲ್ಲಿ ಬರೆಯುವ ಆಜ್ಞೆ) ಬರೆಯುತ್ತಿದ್ದಾರೋ, ಪರದೆಯಲ್ಲಿರುವುದನ್ನು ನಕಲು ಮಾಡುತ್ತಿದ್ದಾರೋ ಎಂಬುದನ್ನು.