ಕ್ಯಾನ್ಸರ್ ಗೆಡ್ಡೆಗೆ ರಕ್ತನಾಳ ಬೆಳೆಯೋಕೆ ಆಕ್ಸಿಡೇಟಿವ್ ಸ್ಟ್ರೆಸ್ ಕಾರಣ ಅಂದ್ಮೇಲೆ ಆಂಟಿಆಕ್ಸಿಡೆಂಟ್ ಮಾತ್ರೆ ಯಾಕೆ ಬೇಡ?

ಎಮ್ಮೆಸ್ಸಿ_ಹುಡುಗಿ:
ಅತ್ತೆಗೆ ಕೀಮೋ ನಡೀತಿದೆ. ನೆಂಟರೊಬ್ಬರು ವಿಟಮಿನ್ ಸಿ, ಇ ಇರುವ ದೊಡ್ಡ ಡೋಸಿನ ಮಾತ್ರೆ ಡಬ್ಬಿ ತಂದುಕೊಟ್ಟರು. ಡಾಕ್ಟರು ನೋಡಿದ ತಕ್ಷಣ ಬೇಡ ಅಂದರು, ಕಾರಣ ಹೇಳೋಷ್ಟು ಪುರುಸೊತ್ತು ಅವರಿಗಿರಲಿಲ್ಲ. ನನ್ನ ನೋಟ್ಸಲ್ಲಿ, ಕೋಶದೊಳಗೆ ಹುಟ್ಟಿ ಸುತ್ತಲಿನದನ್ನು ಕೆಡಿಸುವ ಚುರುಕು ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳಿಂದಲೇ, ಅಂದರೆ ಅವು ಜಾಸ್ತಿಯಾದಾಗಿನ ಆಕ್ಸಿಡೇಟಿವ್ ಸ್ಟ್ರೆಸ್‌ನಿಂದಲೇ, ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯುತ್ತೆ ಅಂತಿದೆ. ಹಾಗಾದ್ರೆ ಈ ಆಂಟಿಆಕ್ಸಿಡೆಂಟ್ ಮಾತ್ರೆಯಿಂದ ಅವನ್ನು ಕಡಿಮೆ ಮಾಡಿದರೆ ಒಳ್ಳೇದೇ ಅಲ್ವಾ?

ಲ್ಯಾಬ್_ಮೂಲೆ:
ನೋಟ್ಸ್ ತಪ್ಪಲ್ಲ. ಸ್ವಂತ ರಕ್ತನಾಳ ಇಲ್ಲದೆ ಗೆಡ್ಡೆ ಒಂದೆರಡು ಮಿಲಿಮೀಟರ್ ದಾಟೋದು ಕಷ್ಟ, ಇದನ್ನು ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಹೇಳಿದ್ದರು. ಒಳಗಿನ ಕೋಶಗಳಿಗೆ ಆಮ್ಲಜನಕ ಸಾಲದೆ ಉಸಿರು ಕಟ್ಟಿದಾಗ ಎಚ್‌ಐಎಫ್-1 ಅನ್ನೋ ಪ್ರೋಟೀನ್ ಕೆಲಸಕ್ಕಿಳಿಯುತ್ತೆ. ಮಾಮೂಲಿ ದಿನಗಳಲ್ಲಿ ಅದು ಹುಟ್ಟಿದ ಕೆಲವೇ ನಿಮಿಷದಲ್ಲಿ ನಾಶವಾಗುತ್ತೆ, ಯಾಕಂದ್ರೆ ಒಂದು ಎಂಜೈಮ್ ಅದಕ್ಕೆ ಗುರುತು ಹಾಕುತ್ತೆ, ಆ ಎಂಜೈಮಿಗೆ ಆಮ್ಲಜನಕವೂ ಬೇಕು, ಸರಿಯಾದ ರೂಪದ ಕಬ್ಬಿಣವೂ ಬೇಕು. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದಿಂದ ಸೋರಿದ ರ‍್ಯಾಡಿಕಲ್‌ಗಳು ಆ ಕಬ್ಬಿಣವನ್ನು ಕೆಡಿಸುತ್ತವೆ. ಗುರುತು ಬೀಳಲ್ಲ, ಎಚ್‌ಐಎಫ್ ಉಳಿಯುತ್ತೆ, ರಕ್ತನಾಳ ಬೆಳೆಸೋ ಪ್ರೋಟೀನ್ ವಿಇಜಿಎಫ್ ಹೊರಗೆ ಬರುತ್ತೆ. ಪಕ್ಕದ ರಕ್ತನಾಳ ಚಿಗುರೊಡೆಯೋದು ಆಗ.

ಆದರೆ ಇದೆಲ್ಲ ಪ್ರಮಾಣದ ಆಟ. ರ‍್ಯಾಡಿಕಲ್ ಸ್ವಲ್ಪ ಇದ್ದರೆ ಸಿಗ್ನಲ್, ಜಾಸ್ತಿ ಆದರೆ ಕೋಶವೇ ಸಾಯುತ್ತೆ. ಕೆಲವು ಕೀಮೋ ಔಷಧಿಗಳ ಏಟು ಬೀಳೋದೂ ಸ್ವಲ್ಪ ಮಟ್ಟಿಗೆ ಹೀಗೇ, ಆಂಟಿಆಕ್ಸಿಡೆಂಟ್ ಆ ಏಟನ್ನೇ ತಗ್ಗಿಸಬಹುದು.

ಹಳೇ_ಪ್ಯಾಥಾಲಜಿ:
ಗೆಡ್ಡೆಗೆ ರಕ್ತನಾಳ ಬೆಳೆಯೋಕೆ ಇನ್ನೊಂದು ದಾರಿಯೂ ಇದೆ, ನಿಮ್ಮ ನೋಟ್ಸಿಗೆ ಅದಿನ್ನೂ ಬಂದಿರಲಿಕ್ಕಿಲ್ಲ. ಬ್ಯಾಕ್1 ಅಂತ ಒಂದು ಪ್ರೋಟೀನ್. ಆಕ್ಸಿಡೇಟಿವ್ ಸ್ಟ್ರೆಸ್ ಇದ್ದಾಗ ಬಿಡಿ ಹೀಮ್ (ಕಬ್ಬಿಣ ಇರೋ ಒಂದು ಅಣು) ಜಾಸ್ತಿಯಾಗಿ ಅದಕ್ಕೆ ಅಂಟಿಕೊಂಡು ಅದನ್ನು ಮುಗಿಸುತ್ತೆ. ಆಂಟಿಆಕ್ಸಿಡೆಂಟ್ ಕೊಟ್ಟರೆ ಹೀಮ್ ಇಳಿಯುತ್ತೆ, ಬ್ಯಾಕ್1 ಬದುಕಿಕೊಳ್ಳುತ್ತೆ. ಸ್ವೀಡನ್ನಿನ ಕರೋಲಿನ್ಸ್ಕಾ ವೈದ್ಯಕೀಯ ವಿಶ್ವವಿದ್ಯಾಲಯದವರು 2023ರಲ್ಲಿ ತೋರಿಸಿದ್ದು ಇದನ್ನೇ: ಬದುಕಿದ ಬ್ಯಾಕ್1 ರಕ್ತನಾಳ ಬೆಳೆಸುವ ಜೀನುಗಳನ್ನು ಎಬ್ಬಿಸುತ್ತೆ, ಅದೂ ಎಚ್‌ಐಎಫ್ ಸಹಾಯ ಇಲ್ಲದೆ. ಅಂದರೆ ಒಂದು ಬಾಗಿಲು ಮುಚ್ಚೋಕೆ ಹೋಗಿ ಇನ್ನೊಂದನ್ನು ತೆರೆದ ಹಾಗೆ.

ಅದು ಬಹುಪಾಲು ಇಲಿ, ಕೋಶಗಳ ಮೇಲಿನ ಕೆಲಸ, ಸರಿ. ಆದರೆ ಮನುಷ್ಯರಲ್ಲೂ ಸಪ್ಲಿಮೆಂಟ್ ಕೈಕೊಟ್ಟಿದೆ. ಫಿನ್‌ಲ್ಯಾಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಸಿಗರೇಟು ಸೇದುವವರೇ, ಮಾಡಿದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಅನ್ನೋ ಆಂಟಿಆಕ್ಸಿಡೆಂಟ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಇತ್ತು.

ಎಮ್ಮೆಸ್ಸಿ_ಹುಡುಗಿ:
ಅಯ್ಯೋ, ಹಾಗಾದ್ರೆ ನೆಲ್ಲಿಕಾಯಿ, ಕಿತ್ತಳೆನೂ ನಿಲ್ಲಿಸಬೇಕಾ?

ಹಳೇ_ಪ್ಯಾಥಾಲಜಿ:
ಛೆ, ಇಲ್ಲಮ್ಮ. ಊಟದಲ್ಲಿ ಬರೋದಕ್ಕೆ ಯಾರೂ ಬೇಡ ಅಂತಿಲ್ಲ, ತೊಂದರೆ ಇರೋದು ಡಬ್ಬಿಯಲ್ಲಿರೋ ಡೋಸಿನಲ್ಲಿ. ಡಬ್ಬಿ ನೆಂಟರಿಗೇ ವಾಪಸ್ ಕೊಡಿ.