ಸಹಾಯ ಬೇಕು: ಡಿಸಾಲ್ವ್‌ನಲ್ಲಿ ಎರಡು ವಿಡಿಯೊ ದೃಶ್ಯಗಳನ್ನು ವೇಗವಾಗಿ ಬೆರೆಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಲಕ್ಕುಂಡಿಯ ದೇವಾಲಯಗಳ ವಿಡಿಯೊ ತುಣುಕುಗಳನ್ನು ಜೋಡಿಸಿ ತೋರಿಸಲು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಯುತ್ತಿದ್ದೇನೆ. ಗದಗಿನ ನಮ್ಮ ಸ್ಟುಡಿಯೊದ ಹಳೆಯ ಕಂಪ್ಯೂಟರಿನಲ್ಲಿ, ಗ್ರಾಫಿಕ್ಸ್ ಕಾರ್ಡಿನ ನೆರವಿಲ್ಲದೆ, ಅದು ಓಡಬೇಕು. ಡಿಸಾಲ್ವ್ (ಒಂದು ದೃಶ್ಯ ಮೆಲ್ಲಗೆ ಮಾಯವಾಗುತ್ತ ಇನ್ನೊಂದು ಮೂಡುವುದು) ಬಂದಾಗ ಮಾತ್ರ ಚಿತ್ರ ತಡವರಿಸುತ್ತದೆ.

1920×1080 ಅಳತೆಯ ಒಂದು ಆರ್‌ಜಿಬಿ (ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್) ಫ್ರೇಮಿಗೆ 62,20,800 ಬೈಟ್ ಬೇಕಾಗುವುದರಿಂದ, ಸೆಕೆಂಡಿಗೆ 25 ಫ್ರೇಮಿನಂತೆ ಎರಡು ಚಿತ್ರಗಳನ್ನು ಓದಿ ಮೂರನೆಯದನ್ನು ಬರೆಯುವಾಗ 46 ಕೋಟಿಗೂ ಹೆಚ್ಚು ಬೈಟ್ ಮೆಮೊರಿಯಲ್ಲಿ ಓಡಾಡುತ್ತವೆ. ಬೆರಕೆಯ ಪ್ರಮಾಣವನ್ನು 0ಯಿಂದ 256ರವರೆಗಿನ ಪೂರ್ಣಾಂಕವಾಗಿ ಇಟ್ಟುಕೊಂಡು, ಒಂದು ಪಿಕ್ಸೆಲನ್ನು ಆ ಪ್ರಮಾಣದಿಂದಲೂ ಇನ್ನೊಂದನ್ನು 256ರಲ್ಲಿ ಉಳಿದದ್ದರಿಂದಲೂ ಗುಣಿಸಿ, ಮೊತ್ತಕ್ಕೆ 128 ಕೂಡಿಸಿ, ಎಂಟು ಬಿಟ್ ಬಲಕ್ಕೆ ಸರಿಸುತ್ತಿದ್ದೇನೆ. ಇದರಿಂದ ಭಾಗಾಕಾರ ಬೇಕಾಗುವುದಿಲ್ಲ. ಮೊತ್ತವು 65,408ನ್ನು ಮೀರದ ಕಾರಣ 16 ಬಿಟ್‌ನಲ್ಲೇ ಹಿಡಿಸುತ್ತದೆ. ಕೊನೆಯ ಫ್ರೇಮ್ ಮೂಲದಂತೆಯೇ ಉಳಿಯುತ್ತದೆ.

ವಿಡಿಯೊ ಕಡತವನ್ನು ಬಿಡಿಸುವ ಡಿಕೋಡರ್ ಕೊಡುವ ವೈಯುವಿ 4:2:0 (ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಮ್ಮೆಯೂ ಇಡುವ) ರೂಪದಲ್ಲೇ ಬೆರೆಸಿದರೆ ದತ್ತಾಂಶ ಅರ್ಧಕ್ಕಿಳಿಯುತ್ತದೆ, ಅದೇ ಸರಿಯಾದ ದಾರಿಯೆಂದು ನನಗೆ ತೋರುತ್ತದೆ. ಅಲ್ಲಿ ಎಸ್‌ಎಸ್‌ಇ2 (ಪ್ರೊಸೆಸರ್ ಒಂದೇ ಸಲಕ್ಕೆ ಹಲವು ಮೌಲ್ಯಗಳ ಮೇಲೆ ಕೆಲಸ ಮಾಡುವ) ಸೂಚನೆಗಳಿಂದ ಒಮ್ಮೆಗೆ ಎಂಟು ಮೌಲ್ಯಗಳನ್ನು ಬೆರೆಸುವ ಕೋಡನ್ನು ಯಾರಾದರೂ ಬರೆದಿದ್ದರೆ ದಯವಿಟ್ಟು ಹಂಚಿಕೊಳ್ಳಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಗಾಮಾ, ಅಂದರೆ ಪಿಕ್ಸೆಲ್ ಮೌಲ್ಯಗಳನ್ನು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿ ಇಡದಿರುವ ರೀತಿ. ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲುವಾಡದ ಕೆತ್ತನೆಯು ಬಿಸಿಲಿನ ಆಕಾಶದಲ್ಲಿ ಕರಗುವಾಗ, ಗಾಮಾ ಸೇರಿದ ಮೌಲ್ಯಗಳನ್ನೇ ಬೆರೆಸುವುದರಿಂದ, ನಡುಘಟ್ಟದಲ್ಲಿ ಚಿತ್ರ ಮಂಕಾಗುತ್ತದೆ. ವೇಗವನ್ನು ಬಿಟ್ಟುಕೊಡದೆ ಇದನ್ನು ಸರಿಪಡಿಸಲು ಮೊದಲೇ ಲೆಕ್ಕಹಾಕಿಟ್ಟ ಮೌಲ್ಯಗಳ ಕೋಷ್ಟಕ ಸಾಕೇ, ಅಥವಾ ಬೇರೆ ಉಪಾಯವಿದೆಯೇ ಎಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.